ಏಳು ಸಹಿ ಕಡಿಮೆ ಬಿದ್ದ ಮಸೂದೆ

ಸದನದ ಅರ್ಜಿ ಪರಿಶೀಲನಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಸತ್ತವರ ಸಹಿ ಸಲ್ಲದು ಎಂದು ಬರೆದಿದ್ದೀರಿ. ಮೂವತ್ತೆಂಟು ಹೆಸರುಗಳ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ 'ಮರಣ ಹೊಂದಿದ ಕಾರಣ ಬೆಂಬಲವನ್ನು ಪರಿಗಣಿಸಲಾಗದು' ಎಂದು ಷರಾ ಹಾಕಿ, ಐದು ಸಾವಿರ ಇರಬೇಕಾದಲ್ಲಿ ನಾಲ್ಕು ಸಾವಿರದ ಒಂಬೈನೂರ ತೊಂಬತ್ತಮೂರು ಉಳಿದವೆಂದು ತೋರಿಸಿ, ನಮ್ಮ ಮಸೂದೆಯನ್ನು ಹಿಂದಕ್ಕೆ ಕಳಿಸಿದ್ದೀರಿ. ಎಣಿಕೆ ಸರಿಯಾಗಿದೆ. ನಾನೂ ಮೂರು ಸಲ ಎಣಿಸಿದೆ, ಏಳು ಕಡಿಮೆ. ನನ್ನ ತಕರಾರು ಎಣಿಕೆಯ ಮೇಲಲ್ಲ. ಆ ಮೂವತ್ತೆಂಟು ಮಂದಿಯೂ ಸಹಿ ಹಾಕಿದ ದಿನ ಬದುಕಿದ್ದರು. ಅವರು ಸತ್ತದ್ದು ನಿಮ್ಮ ಕಪಾಟಿನಲ್ಲಿ ಕಡತ ಮಲಗಿದ್ದ ಇಪ್ಪತ್ತಾರು ತಿಂಗಳಲ್ಲಿ.

ನಿಮಗೆ ಗೊತ್ತಿರುವ ಸಂಗತಿಯನ್ನೇ, ಈ ಪತ್ರವನ್ನು ಅಚ್ಚು ಹಾಕಲಿರುವ ಪತ್ರಿಕೆಯ ಓದುಗರಿಗಾಗಿ ಮತ್ತೆ ಹೇಳುತ್ತೇನೆ. ಅಡುಗೆಮನೆಯ ಕಟ್ಟೆಗೆ ಹಾಸುವ ಹೊಳಪಿನ ಕಲ್ಲಿದೆಯಲ್ಲ, ಕಲ್ಲಿನ ಪುಡಿಗೆ ಅಂಟು ಬೆರೆಸಿ ಕಾರ್ಖಾನೆಯಲ್ಲಿ ಒತ್ತಿ ಮಾಡಿದ್ದು, ಅದನ್ನು ಯಂತ್ರದ ಗರಗಸದಲ್ಲಿ ಕತ್ತರಿಸುವಾಗ ಹಿಟ್ಟಿನಂಥ ಬಿಳಿ ಧೂಳು ಏಳುತ್ತದೆ. ಗರಗಸದ ಮೇಲೆ ನೀರು ಬಿಟ್ಟುಕೊಂಡು ಕತ್ತರಿಸಿದರೆ ಆ ಧೂಳು ಕೆಸರಾಗಿ ಕಾಲಬುಡಕ್ಕೆ ಇಳಿಯುತ್ತದೆ. ಒಣಗಲ್ಲನ್ನೇ ಕತ್ತರಿಸಿದರೆ ಎದೆಗೆ ಇಳಿಯುತ್ತದೆ, ಮತ್ತೆ ಹೊರಗೆ ಬರುವುದಿಲ್ಲ. ಸದನದಲ್ಲಿ ಬರೀ ನಾಲ್ಕು ಜನರಿರುವ ಪಕ್ಷವೊಂದು ಇದಕ್ಕೊಂದು ಮಸೂದೆ ತಂದಿತು. ಅದು ಕೇಳಿದ್ದು ಮೂರೇ ಮಾತು: ನೀರಿಲ್ಲದೆ ಕಲ್ಲು ಕತ್ತರಿಸಬಾರದು, ಕತ್ತರಿಸುವವರ ಎದೆಯ ಎಕ್ಸ್-ರೇಯನ್ನು ವರ್ಷಕ್ಕೊಮ್ಮೆ ಮಾಲೀಕರೇ ತೆಗೆಸಬೇಕು, ಅವರು ಸತ್ತಾಗ ಕಾರಣವನ್ನು ಇದ್ದದ್ದು ಇದ್ದ ಹಾಗೆ ಬರೆಯಬೇಕು. ಹತ್ತಕ್ಕಿಂತ ಕಡಿಮೆ ಸದಸ್ಯರ ಪಕ್ಷ ಮಸೂದೆ ತಂದರೆ ಅದು ಚರ್ಚೆಗೆ ಬರಲು ಐದು ಸಾವಿರ ನಾಗರಿಕರ ಸಹಿ ಬೇಕು, ಆ ಐದು ಸಾವಿರವೂ ನಿಮ್ಮ ಕಚೇರಿಗೆ ಖುದ್ದಾಗಿ ಬಂದು ಎರಡನೆಯ ಸಲ ಸಹಿ ಮಾಡಬೇಕು ಎಂಬುದು ನಿಮ್ಮ ನಿಯಮ. ನೂರು ಜನರ ಪಕ್ಷ ಮಸೂದೆ ತಂದರೆ ಒಂದು ಸಹಿಯೂ ಬೇಡ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂದು ಹಿರಿಯರು ಹೇಳಿದ್ದನ್ನು ನೀವು ಕಲಮು, ಉಪಕಲಮು ಹಾಕಿ ಬರೆದಿದ್ದೀರಿ, ಅಷ್ಟೇ.

ನಾನು ಕಲ್ಲು ಕತ್ತರಿಸುವವನಲ್ಲ, ಅಳತೆಯವನು. ಇಪ್ಪತ್ತೆರಡು ವರ್ಷದಿಂದ ಟೇಪು ಹಿಡಿದು ಮನೆಮನೆಯ ಅಡುಗೆಮನೆ ಹೊಕ್ಕಿದ್ದೇನೆ. ಅಳತೆಯನ್ನು ಚೀಟಿಯಲ್ಲಿ ಬರೆದು ಕಾರ್ಖಾನೆಗೆ ಕೊಡುವುದು ನನ್ನ ಕೆಲಸ. ಆ ಚೀಟಿ ಹಿಡಿದು ಕತ್ತರಿಸುತ್ತಿದ್ದವನು ನನ್ನ ತಮ್ಮ. ಅವನನ್ನು ಕೆಲಸಕ್ಕೆ ಸೇರಿಸಿದವನೂ ನಾನೇ. ಕತ್ತರಿಸಿದ ಅಂಚನ್ನೆಲ್ಲ ಹೆಬ್ಬೆರಳಿನಿಂದ ಸವರಿ ನೋಡದೆ ಅವನು ಕಲ್ಲನ್ನು ಹೊರಗೆ ಬಿಡುತ್ತಿರಲಿಲ್ಲ. ಮಕ್ಕಳ ಹಣೆ ತಾಗುವ ಎತ್ತರದಲ್ಲಿ ಕಟ್ಟೆಯ ಮೂಲೆ ಇರುತ್ತದೆಂದು ಕೆಳಗಿನ ಅಂಚನ್ನೂ ದುಂಡಗೆ ಉಜ್ಜುತ್ತಿದ್ದ. ಯಾರೂ ಕೇಳದಿದ್ದ ಕೆಲಸ ಅದು. ಅದಕ್ಕೇ ಅವನಿಗೆ ಹೆಬ್ಬೆಟ್ಟು ಎಂದು ಹೆಸರು ಬಿತ್ತು. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ನೀರು ಹಾಕಿ ಕತ್ತರಿಸಿದ ಕಲ್ಲು ಒಣಗಲು ಒಂದು ದಿನ ಬೇಕು, ಹಸಿಗಲ್ಲಿಗೆ ಅಂಟು ಹಿಡಿಯುವುದಿಲ್ಲ. ಗಿರಾಕಿ ಕಾಯಲು ಒಪ್ಪದಿದ್ದರೆ ಅಳತೆಯವನು ಚೀಟಿಯ ತುದಿಯಲ್ಲಿ 'ಅವಸರ' ಎಂದು ಬರೆಯುತ್ತಾನೆ. ಒಣಗಲ್ಲನ್ನೇ ಕತ್ತರಿಸು ಎಂದು ಅದರ ಅರ್ಥ. ಬಾಯಿಬಿಟ್ಟು ಯಾರೂ ಹಾಗೆ ಹೇಳುವುದಿಲ್ಲ.

"ಏನಣ್ಣಾ, ಇವತ್ತೂ ಅವಸರಾನಾ? ನಿನ್ನ ಗಿರಾಕಿಗಳನ್ನೆಲ್ಲ ನಾಯಿ ಅಟ್ಟಿಸ್ಕೊಂಡು ಬಂದಿದ್ಯಾ?" ಎಂದು ತಮ್ಮ ನಗುತ್ತಿದ್ದ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಯಂತ್ರ ಹಾಕುತ್ತಿದ್ದ. ಮಧ್ಯಾಹ್ನ ಊಟಕ್ಕೆ ಕೂತಾಗ ರೆಪ್ಪೆಯೆಲ್ಲ ಬೆಳ್ಳಗಿರುತ್ತಿತ್ತು. "ನೋಡಣ್ಣಾ, ನಿನಗಿಂತ ಮೊದಲು ನಾನೇ ಮುದುಕ ಆದೆ" ಎನ್ನುತ್ತಿದ್ದ. ನಾನೂ ನಕ್ಕಿದ್ದೇನೆ. ಅವನ ಕೈಗೆ ಎಷ್ಟು 'ಅವಸರ' ಕೊಟ್ಟೆನೆಂದು ನನ್ನ ಹಳೆಯ ಅಳತೆ ಪುಸ್ತಕಗಳಲ್ಲಿದೆ. ಅವನ್ನು ಬಿಡಿಸಿ ನೋಡುವ ಧೈರ್ಯ ನನಗೆ ಬಹಳ ದಿನ ಇರಲಿಲ್ಲ.

ಮಸೂದೆಯ ಸುದ್ದಿ ತಂದವರು ನಮ್ಮ ಬಡಾವಣೆಯಲ್ಲಿ ಆ ಪಕ್ಷಕ್ಕಿರುವ ಏಕೈಕ ಕಾರ್ಯಕರ್ತೆ, ನಿವೃತ್ತ ಟೀಚರು. ಸದನಕ್ಕೆ ಒಂದೇ ಕಾರಿನಲ್ಲಿ ಹೋಗಿಬರುವ ಪಕ್ಷ, ಅದಕ್ಕೆ ಈ ಒಬ್ಬರೇ ಮೇಡಂ. ನಾನು ಆ ಪಕ್ಷಕ್ಕೆ ಎಂದೂ ಓಟು ಹಾಕಿದವನಲ್ಲ. "ನಾಲ್ಕು ಜನ ಇಟ್ಕೊಂಡು ಏನು ಮಾಡ್ತೀರಿ ಮೇಡಂ?" ಎಂದು ಕೇಳಿದೆ. "ನಾಲ್ಕು ಜನ ಸೇರಿದ್ರೇನೇ ಹೆಣ ಎತ್ತೋಕಾಗೋದು, ಕಾನೂನು ಎತ್ತೋಕೆ ಆಗಲ್ವೇನಪ್ಪ?" ಎಂದರು. ಅಂದಿನಿಂದ ಇಬ್ಬರೂ ಕಾಲಿಗೆ ಚಕ್ರ ಕಟ್ಟಿಕೊಂಡೆವು. ನಾನು ಅಳತೆ ಮಾಡಿದ ಮನೆಗಳಿಗೇ ಮತ್ತೆ ಹೋಗಿ ಅದೇ ಕಟ್ಟೆಯ ಮೇಲೆ ಹಾಳೆಯಿಟ್ಟು ಸಹಿ ಕೇಳಿದೆ. ದರ್ಜಿಗಳು, ಬಸ್ ಡ್ರೈವರುಗಳು, ಆಸ್ಪತ್ರೆಯ ಆಯಾಗಳು, ಆ ಪಕ್ಷದ ಹೆಸರು ಕೇಳಿದರೆ ಮೂಗು ಮುರಿಯುವವರು, ಎಲ್ಲರೂ ಹಾಕಿದರು. ಒಬ್ಬ ಅಜ್ಜಿ ಸಹಿ ಮಾಡಿ, ಕಟ್ಟೆಯ ಮೇಲಿನಿಂದ ಕೈ ಸರಕ್ಕನೆ ಹಿಂದಕ್ಕೆ ತೆಗೆದುಕೊಂಡಳು. "ಇದರ ಮೇಲೆ ದಿನಾ ಮೊಮ್ಮಗುವಿನ ಹಾಲು ಇಡ್ತೀನಲ್ಲಪ್ಪಾ" ಎಂದಳು.

ಐದು ಸಾವಿರದ ಮೂವತ್ತೊಂದು ಆದಾಗ ನಿಲ್ಲಿಸೋಣ ಎಂದವನು ನಾನು. ತಮ್ಮ ಆಗಲೇ ಮೆಟ್ಟಿಲು ಹತ್ತಲಾರದೆ ಕೆಳಗೇ ಮಂಚ ಹಾಕಿಸಿಕೊಂಡಿದ್ದ. ಟೀಚರು ಬೇಡವೆಂದರು. "ಇನ್ನೊಂದು ಐನೂರು ಸೇರಿಸ್ಕೊಳ್ಳೋಣ, ಯಾರಿಗೆ ಏನಾಗುತ್ತೋ" ಎಂದರು. "ಅವನು ಕಾಯೋ ಸ್ಥಿತೀಲಿಲ್ಲ ಮೇಡಂ, ಮೂವತ್ತೊಂದು ಹೆಚ್ಚಿದೆಯಲ್ಲ, ಸಾಕು" ಎಂದು ಹಟ ಹಿಡಿದು ಸಲ್ಲಿಸಿಬಿಟ್ಟೆ. ಕಲ್ಲು ಅಳೆಯುವಾಗ ಗರಗಸ ತಿನ್ನುವ ಪಾಲನ್ನು ಸೇರಿಸಿ ಬರೆಯಬೇಕು. ಒಂದೊಂದು ಸಲ ಕತ್ತರಿಸುವಾಗಲೂ ನೂಲಿನಷ್ಟು ಕಲ್ಲು ಪುಡಿಯಾಗಿ ಹೋಗುತ್ತದೆ, ಅದನ್ನು ಬಿಟ್ಟರೆ ಕಟ್ಟೆ ಗೋಡೆಗೆ ಮುಟ್ಟುವುದಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನಾನು ಒಮ್ಮೆಯೂ ಮರೆಯದ ಆ ಪಾಲನ್ನು ಮನುಷ್ಯರ ವಿಷಯದಲ್ಲಿ ಮರೆತೆ. ಆತುರಗಾರನಿಗೆ ಬುದ್ಧಿ ಮಟ್ಟ. ಅಲ್ಲಿಯೂ ನಾನು ಬರೆದದ್ದು 'ಅವಸರ' ಎಂದೇ.

ಅದಾಗಿ ಒಂಬತ್ತು ತಿಂಗಳಿಗೆ ತಮ್ಮ ತೀರಿಕೊಂಡ. ಅವನ ಮರಣಪತ್ರದಲ್ಲಿ 'ಉಸಿರಾಟದ ತೊಂದರೆ' ಎಂದಿದೆ. ಉಸಿರಾಟದ ತೊಂದರೆಯಿಲ್ಲದೆ ಯಾರಾದರೂ ಸತ್ತದ್ದುಂಟೇ ಸ್ವಾಮಿ? ಅವನು ಹೋಗಿ ಒಂದು ವರ್ಷ ಕಳೆದ ಮೇಲೆ ನಿಮ್ಮ ಕಚೇರಿಯಿಂದ ಅವನ ಹೆಸರಿಗೆ ಕಾಗದ ಬಂತು: 'ತಾವು ಹದಿನೈದು ದಿನಗಳೊಳಗೆ ಖುದ್ದಾಗಿ ಹಾಜರಾಗಿ ಸಹಿಯನ್ನು ದೃಢಪಡಿಸತಕ್ಕದ್ದು. ತಪ್ಪಿದಲ್ಲಿ ತಮಗೆ ಆಸಕ್ತಿಯಿಲ್ಲವೆಂದು ಭಾವಿಸಲಾಗುವುದು.' ತಮ್ಮನ ಹೆಂಡತಿ ಅದನ್ನು ಎರಡು ಸಲ ಓದಿ ನನ್ನ ಕೈಗಿತ್ತಳು. "ಇವರು ಕರೆದ್ರೆ ಅವರು ಬರ್ತಾರೆ ಅನ್ನೋ ಹಾಗಿದ್ರೆ ಇನ್ನೂ ಹತ್ತು ಕಾಗದ ಬರೀಲಿ ಭಾವ" ಎಂದಳು. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಅವನ ಬದಲು ನಾನು ಬಂದೆ. ಸಾಲಿನಲ್ಲಿ ನಿಂತು ನಿಮ್ಮ ಕೌಂಟರು ಮುಟ್ಟಿದೆ. ಗುಮಾಸ್ತೆ ಒಳ್ಳೆಯ ಹೆಣ್ಣುಮಗಳು, ಸಣ್ಣ ವಯಸ್ಸು.

"ಅವರೇ ಬರ್ಬೇಕು ಸರ್."

"ಅವನು ಬರಕ್ಕಾಗಲ್ಲಮ್ಮ."

"ಹುಷಾರಿಲ್ವಾ? ಡಾಕ್ಟರ ಚೀಟಿ ಕೊಟ್ರೆ ಇನ್ನೂ ಹದಿನೈದು ದಿನ ಕೊಡ್ತೀವಿ."

ಮರಣಪತ್ರ ಮುಂದಿಟ್ಟೆ. ಓದಿ ತಲೆತಗ್ಗಿಸಿದಳು. "ಗೆರೆ ಎಳೀಲೇಬೇಕು ಸರ್. ನನ್ನ ಕೈಲಿ ಏನೂ ಇಲ್ಲ."

"ಪೆನ್ನಿದೆಯಲ್ಲಮ್ಮ" ಎಂದುಬಿಟ್ಟೆ. ಹಾಗೆ ಅನ್ನಬಾರದಿತ್ತು, ಅವಳ ತಪ್ಪಲ್ಲ ಅದು. ಈ ಪತ್ರ ಅವಳ ಕಣ್ಣಿಗೆ ಬಿದ್ದರೆ ಕ್ಷಮಿಸಲಿ.

ಅವಳು ಗೆರೆ ಎಳೆಯುವುದನ್ನು ನೋಡಲಾರದೆ ನಾನು ಕೌಂಟರಿನ ಅಂಚು ಹಿಡಿದು ನಿಂತಿದ್ದೆ. ಕೈ ಅಭ್ಯಾಸಬಲದಿಂದ ಅಂಚಿನ ಕೆಳಗೆ ಹೋಯಿತು. ಕೆಳಗಿನ ಅಂಚು ದುಂಡಗಿತ್ತು. ಮೂಲೆಯೂ ದುಂಡಗಿತ್ತು. ಆಗ ನೆನಪಾಯಿತು: ಆರು ವರ್ಷದ ಹಿಂದೆ ಈ ಕೌಂಟರಿನ ಅಳತೆ ತೆಗೆದವನು ನಾನು. ಸೋಮವಾರ ಕಚೇರಿಯ ಉದ್ಘಾಟನೆ, ಶನಿವಾರ ಅಳತೆ. ಚೀಟಿಯಲ್ಲಿ ಏನು ಬರೆದಿದ್ದೆ ಎಂದು ಬೇರೆ ಹೇಳಬೇಕಾಗಿಲ್ಲ. ಕೈಯಲ್ಲಿದ್ದ ಕಾಗದ ಬೀಳಿಸಿದವನಂತೆ ಬಗ್ಗಿ ನೋಡಿದೆ. ನಮ್ಮ ಕಸುಬಿನಲ್ಲಿ ಕತ್ತರಿಸಿದವನು ಕಲ್ಲಿನ ಅಡಿಯಲ್ಲಿ ಮೇಣದ ಪೆನ್ಸಿಲಿನಿಂದ ಬರೆಯುತ್ತಾನೆ: ಯಾವ ಜಾಗದ ಕಲ್ಲು, ಯಾವ ಬದಿ, ಎಂಥ ಕೆಲಸ, ಕೊನೆಗೆ ತನ್ನ ಸಹಿ. ಅಂಚು ಒಡೆದರೆ ಯಾರನ್ನು ಕೇಳಬೇಕೆಂದು ಗೊತ್ತಾಗಲಿ ಎಂದು. ಆ ಮೇಣ ನೀರಿಗೂ ಹೋಗುವುದಿಲ್ಲ. ಅಲ್ಲಿ ಆ ಮುತ್ತಿನಂಥ ಅಕ್ಷರಗಳಲ್ಲಿ ಹೀಗಿತ್ತು: 'ಅರ್ಜಿ ಕಚೇರಿ. ಬಲಗಡೆ. ಅವಸರ.' ಕೆಳಗೆ ಅವನ ಸಹಿ.

ಆ ಹೊತ್ತಿನಲ್ಲೇ ಮೇಲೆ ಅದೇ ಕಲ್ಲಿನ ಮೇಲೆ ಅವನ ಹೆಸರಿನ ಮೇಲೆ ಗೆರೆ ಬೀಳುತ್ತಿತ್ತು. ನಾನು ಹೇಗೆ ಎದ್ದೆ, ಹೇಗೆ ಹೊರಗೆ ಬಂದೆ, ನೆನಪಿಲ್ಲ.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಕತ್ತರಿಸಿದ ಕಲ್ಲಿನಲ್ಲಿ ಬಿರುಕಿದೆಯೇ ಎಂದು ಅವನು ಬೆರಳ ಗಂಟಿನಿಂದ ಮೂರು ಸಲ ತಟ್ಟಿ ಕೇಳುತ್ತಿದ್ದ. ಈಗ ಯಾರ ಮನೆಯ ಕಟ್ಟೆಯ ಮೇಲೆ ಲೋಟ ಇಟ್ಟರೂ ನನಗೆ ಆ ಸದ್ದೇ ಕೇಳುತ್ತದೆ. ಬೇರೆಯವರ ಅಡುಗೆಮನೆಯಲ್ಲಿ ನಿಂತು ಕಟ್ಟೆಯ ಅಡಿಗೆ ಬಗ್ಗುತ್ತೇನೆ. ಗಿರಾಕಿಗಳು, ಪಾಪ, ನಾನೇನೋ ಕಳೆದುಕೊಂಡೆನೆಂದು ಅವರೂ ಹುಡುಕಲು ಬಗ್ಗುತ್ತಾರೆ. ಟೇಪನ್ನು ಎಷ್ಟು ಒರೆಸಿದರೂ ಎಳೆದಾಗೆಲ್ಲ ಅದರ ಬಾಯಲ್ಲಿ ಒಂದಿಷ್ಟು ಬಿಳಿ ಇರುತ್ತದೆ. ಕಾರ್ಖಾನೆಯಲ್ಲಿ ಈಗಲೂ ಐವರು ಒಣಗಲ್ಲು ಕತ್ತರಿಸುತ್ತಿದ್ದಾರೆ, ಅವರಲ್ಲಿ ಇಬ್ಬರು ಮಾತಿನ ಮಧ್ಯೆ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಾರೆ. ನಾನು 'ಅವಸರ' ಎಂದು ಬರೆಯುವುದನ್ನು ಬಿಟ್ಟಿದ್ದೇನೆ. ಮಾಲೀಕರು ನನ್ನ ಚೀಟಿ ಇಸಿದುಕೊಂಡು ತಾವೇ ಬರೆಯುತ್ತಾರೆ. ಒಬ್ಬ ಅಳತೆಯವನ ಪಶ್ಚಾತ್ತಾಪದಿಂದ ಗರಗಸಕ್ಕೆ ನೀರು ಬರುವುದಿಲ್ಲ, ಕಾನೂನಿನಿಂದ ಬಂದೀತು.

ಇನ್ನು ನಿಮ್ಮ ಸಲಹೆ. 'ಅರ್ಜಿದಾರರು ಇಚ್ಛಿಸಿದಲ್ಲಿ ಹೊಸದಾಗಿ ಸಹಿ ಸಂಗ್ರಹಿಸಿ ಮತ್ತೆ ಸಲ್ಲಿಸಬಹುದು' ಎಂದಿದ್ದೀರಿ. ದೊಡ್ಡ ಮನಸ್ಸು! ಸುದ್ದಿ ಕೇಳಿ ಮಾರನೆಯ ದಿನವೇ ಟೀಚರ ಮನೆಯ ಮುಂದೆ ಇನ್ನೂರು ಜನ ಸೇರಿದ್ದರು, ನಮ್ಮ ಹೆಸರು ಸೇರಿಸಿಕೊಳ್ಳಿ ಎಂದು. ಹಳೆಯ ಕಡತಕ್ಕೆ ಹೊಸ ಹೆಸರು ಸೇರಿಸಲು ನಿಯಮವಿಲ್ಲವೆಂದಿರಿ. ಹೊಸ ಕಡತಕ್ಕೆ ಮತ್ತೆ ಇಪ್ಪತ್ತಾರು ತಿಂಗಳು. ಆಗ ಎಷ್ಟು ಗೆರೆ ಎಳೆಯುತ್ತೀರಿ? ನಿಮ್ಮ ಪದ್ಧತಿಯಲ್ಲಿ, ಒಂದು ಕಾನೂನು ಯಾರಿಗೆ ಬೇಕಾಗಿದೆಯೋ ಅವರು ಸಾಯುತ್ತಿದ್ದಷ್ಟೂ ಅದಕ್ಕೆ ಬೆಂಬಲ ಕಡಿಮೆಯಾಗುತ್ತ ಹೋಗುತ್ತದೆ. ಎಲ್ಲರೂ ಸತ್ತ ಮೇಲೆ ಆ ಕಾನೂನು ಯಾರಿಗೂ ಬೇಡವಾಗಿತ್ತೆಂದು ಸಾಬೀತಾಗುತ್ತದೆ. ಇಂಥ ಅಚ್ಚುಕಟ್ಟಾದ ಯಂತ್ರವನ್ನು ನಾನು ಯಾವ ಕಾರ್ಖಾನೆಯಲ್ಲೂ ಕಂಡಿಲ್ಲ.

ಸುಳ್ಳು ಹೇಳಲಾರೆ: ಮೂವತ್ತೆಂಟು ಮಂದಿಯೂ ಧೂಳಿನಿಂದ ಸತ್ತವರಲ್ಲ. ಕೆಲವರಿಗೆ ವಯಸ್ಸಾಗಿತ್ತು, ಒಬ್ಬರಿಗೆ ಬಸ್ಸು ಬಡಿಯಿತು. ಕಲ್ಲಿನವರು ಇಪ್ಪತ್ತೊಂದು ಮಂದಿ. ಅವರಲ್ಲಿ ತಮ್ಮನೂ ಸೇರಿ ಒಂಬತ್ತು ಮಂದಿ ನನ್ನ ಅಳತೆಗೆ ಕತ್ತರಿಸಿದವರು. ನಿಮಗೆ ಬೇಕಾಗಿರುವುದು ಏಳು.

ಆದ್ದರಿಂದ ನನ್ನ ಬೇಡಿಕೆ ಇದು. ಸಹಿಯನ್ನು ಹಾಕಿದ ದಿನದಿಂದ ಹಿಡಿಯಿರಿ, ನೀವು ಪುರಸೊತ್ತಾಗಿ ನೋಡಿದ ದಿನದಿಂದಲ್ಲ. ಕೆಂಪು ಗೆರೆಗಳನ್ನು ಹಿಂತೆಗೆದುಕೊಳ್ಳಿ, ಈ ಅಧಿವೇಶನದಲ್ಲೇ ಮಸೂದೆಯನ್ನು ಚರ್ಚೆಗಿಡಿ. ಅದಾದ ಮೇಲೆ ಸದನ ಅದನ್ನು ಸೋಲಿಸುವುದಾದರೆ ಸೋಲಿಸಲಿ, ಕೈ ಎತ್ತಿ, ಎಲ್ಲರ ಕಣ್ಣೆದುರಿಗೆ. ಎರಡನೆಯ ಸಹಿ ಬೇಕೇ ಬೇಕು ಎನ್ನುವುದಾದರೆ ಆ ಒಂಬತ್ತು ಮಂದಿಯ ಸಹಿ ಯಾವ ಯಾವ ಮನೆಯ ಕಟ್ಟೆಯ ಅಡಿಯಲ್ಲಿದೆ ಎಂಬುದನ್ನು ವಿಳಾಸ ಸಮೇತ ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ಅಳತೆ ಪುಸ್ತಕಗಳನ್ನು ಕೊನೆಗೂ ಬಿಡಿಸಿದೆ. ಆ ವಿಳಾಸಗಳಲ್ಲೊಂದು ನಿಮ್ಮ ಮನೆಯದೇ ಇರಬಹುದು, ನನಗೆ ಗೊತ್ತಿಲ್ಲ. ಮೊದಲನೆಯದಕ್ಕಂತೂ ನೀವು ದೂರ ಹೋಗಬೇಕಾಗಿಲ್ಲ. ಕೆಳಗಿಳಿದು ಬನ್ನಿ, ಟಾರ್ಚು ತನ್ನಿ, ನಿಮ್ಮ ಕೌಂಟರಿನ ಬಲಗಡೆ ಮಂಡಿಯೂರಿ ಬಗ್ಗಿ ನೋಡಿ. ಕಲ್ಲು ಕೂರಿಸಿದ ದಿನ ಅವನೂ ಬಂದಿದ್ದ. ನೀವು ಕೇಳಿದಂತೆಯೇ ಖುದ್ದಾಗಿ ಹಾಜರಾಗಿ ಸಹಿ ಮಾಡಿದ್ದಾನೆ.

ಏಳುವಾಗ ಹುಷಾರು ಎಂದು ಹೇಳಬೇಕಾಗಿಲ್ಲ. ತಲೆ ತಾಗಿದರೂ ಗಾಯವಾಗುವುದಿಲ್ಲ, ಆ ಮೂಲೆಯನ್ನು ಅವನು ದುಂಡಗೆ ಮಾಡಿದ್ದಾನೆ.

ಇಂತಿ,
ಗರಗಸ ತಿನ್ನುವ ಪಾಲನ್ನು ಬರೆಯಲು ಮರೆತ
ಅಳತೆಯವನು
(ಸಹಿ ಪಟ್ಟಿಯಲ್ಲಿ ತಮ್ಮನ ಹೆಸರಿನ ಮೇಲಿನ ಹೆಸರು. ಸದ್ಯಕ್ಕೆ ಜೀವಂತ.)