ರಿವಾಲ್ವರಿನ ಇನ್ನೊಂದು ಬದಿ

ನನ್ನ ಶಾಲೆ ಬಿಡಿಸಿದ ಅಪ್ಪನಿಗೆ,

ನಿನ್ನ ರಿವಾಲ್ವರನ್ನು ಮೊನ್ನೆ ಕುರುಗೋಡಿನ ಠಾಣೆಗೆ ಒಪ್ಪಿಸಿ ಬಂದೆ. ಲೈಸೆನ್ಸ್ ಇದ್ದವನೇ ಸತ್ತ ಮೇಲೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲವಂತೆ. ನಿನ್ನ ಮೇಲಿನ ಸಿಟ್ಟು ಮಾತ್ರ ಮನೆಯಲ್ಲೇ ಇದೆ.

ಆ ಆಯುಧಪೂಜೆ ನೆನಪಿದೆಯಾ? ಅಕ್ಕನ ಗಂಡನ ಮನೆಯ ಹೊಸ ಬೀಗರು ಬಳ್ಳಾರಿಯಿಂದ ಬಂದಿದ್ದರು. ಕುಂಕುಮ ಮೆತ್ತಿದ ರಿವಾಲ್ವರನ್ನು ತಟ್ಟೆಯಲ್ಲಿಟ್ಟು ನೀನು ಎಂದಿನ ಕಥೆ ತೆಗೆದೆ. "ನಮ್ ತಾತ ಲಡಾಯಿಯೊಳಗ ಸಿಪಾಯಿ ಇದ್ದನ್ರಿ. ಇದರಾಗ ಹನ್ನೆರಡು ಮಂದಿನ್ನ ಹೊಡದಾನ!" ನಾನು ಒಂಬತ್ತನೇ ಕ್ಲಾಸು. ಇಂಗ್ಲಿಷ್ ಕೂಡಿಸಿ ಓದಲು ಆಗಷ್ಟೇ ಬರುತ್ತಿತ್ತು. ಕೈಗೆತ್ತಿಕೊಂಡು ಒಂದು ಬದಿಯ ಕುಂಕುಮ ಒರೆಸಿ, ಅಲ್ಲಿ ಕೆತ್ತಿದ್ದ ಅಕ್ಷರ ಓದಿದೆ. ಯಾವನೋ ಕ್ಯಾಪ್ಟನ್ನನ ಹೆಸರು, ಕೆಳಗೆ ಆರ್ಮಿ ಸರ್ಜನ್ ಅಂತ. "ಅಪ್ಪಾ, ಇದು ಡಾಕ್ಟರಂದು. ತಾತಂದಲ್ಲ" ಅಂದುಬಿಟ್ಟೆ.

ಬೀಗರು ನಕ್ಕರು. "ಹಂಗಾರ ನಿಮ್ ತಾತ ಹನ್ನೆರಡು ಮಂದಿನ್ನ ಸೂಜಿ ಚುಚ್ಚಿ ಕೊಂದಾನೇನ್ರಿ?" ನೀನು ರಿವಾಲ್ವರ್ ಕಸಿದುಕೊಂಡು ನನ್ನ ಕೆನ್ನೆಗೆ ಬಾರಿಸಿದೆ. "ಅಪ್ಪನ ಮಾನ ಕಳ್ಯಾಕ ಸಾಲಿ ಕಲ್ತಿಯೇನಲೇ? ಸಾಕು ಬಿಡು ನಿನ್ ಸಾಲಿ!" ಸಿಟ್ಟಿನ ಮಾತು, ಇಳಿಯುತ್ತದೆ ಅಂದುಕೊಂಡಿದ್ದೆ. ಸೋಮವಾರ ನನ್ನನ್ನು ಸಿರುಗುಪ್ಪದ ರೈಸ್ ಮಿಲ್ಲಿನ ಕೆಲಸಕ್ಕೆ ಬಿಟ್ಟು ಹೋದೆಯಲ್ಲ, ತಿರುಗಿಯಾದರೂ ನೋಡಿದೆಯಾ? ಆಮೇಲೆ ನಾನು ಎಷ್ಟು ಕೆಲಸ ಹಿಡಿದೆ, ಎಷ್ಟು ಬಿಟ್ಟೆ... ಒಂದರಲ್ಲೂ ಕಾಲು ನಿಲ್ಲಲಿಲ್ಲ.

ಠಾಣೆಯಲ್ಲಿ ದಫೇದಾರರು ಕಾಗದ ಕೊಟ್ಟು, "ಮ್ಯಾಲ ಏನೇನ್ ಬರದೈತಿ, ಎಲ್ಲಾ ಬರೀಬೇಕಪಾ. ಆ ಕಡಿನೂ ವರಸಿ ನೋಡು" ಎಂದರು. ಅವತ್ತು ನೀನು ತಿರುಗಿಸಲು ಬಿಡದ ಬದಿ. ಎಷ್ಟು ವರ್ಷದ ಕುಂಕುಮವೋ, ಅಕ್ಷರಗಳೊಳಗೆ ಕಲ್ಲಾಗಿತ್ತು. ಎಣ್ಣೆ ಹಚ್ಚಿ, ಕಡ್ಡಿಯಿಂದ ಕೆದಕಿದೆ. ‘ವಾರ್ಡಿನ ಆಳು ತಿಪ್ಪಣ್ಣನಿಗೆ. ಗಾಯಾಳುಗಳನ್ನು ಬಿಟ್ಟು ಓಡದಿದ್ದಕ್ಕೆ.’ ಇಂಗ್ಲಿಷಿನಲ್ಲಿ ಇಷ್ಟೇ ಇತ್ತು.

ನಿನ್ನ ತಾತನ ಹೆಸರು, ಅಪ್ಪಾ. ಅಲ್ಲೇ ಇತ್ತು. ವರ್ಷ ವರ್ಷ ನೀನೇ ಕೈಯಾರೆ ಅದರ ಮೇಲೆ ಕುಂಕುಮ ಮೆತ್ತಿದೆ. ಇನ್ನೊಂದು ನಿಮಿಷ ನನ್ನ ಕೈಯಲ್ಲಿ ಬಿಟ್ಟಿದ್ದರೆ...

ಜೊತೆಗೆ ಬಂದಿದ್ದ ಚಿಕ್ಕಪ್ಪ ಕಿವಿಯಲ್ಲಿ ಅಂದ, "ಆಳು ಅಂತ ಬರೀಬ್ಯಾಡಲೇ. ಸಿಪಾಯಿ ಅಂತ ಬರಿ, ಯಾರ್ ನೋಡ್ತಾರ?" ನಾನು ಆಳು ಎಂದೇ ಬರೆದೆ. ಬಿಟ್ಟು ಓಡಲಿಲ್ಲ ಅಂತಲೂ ಬರೆದೆ. ದಫೇದಾರರು ಗಟ್ಟಿಯಾಗಿ ಓದು ಎಂದರು. ಎರಡೂ ಬದಿ ಓದಿದೆ, ಕೊನೆಯವರೆಗೆ. ಈ ಸಲ ಯಾರೂ ಹೊಡೆಯಲಿಲ್ಲ.