ಕರಿ ಎಣ್ಣೆ ಬಿದ್ದ ಕೆರೆ

ಅಣ್ಣಿಗೇರಿ ಬಾಜು, ನಮ್ಮ ಮನೆ
ಶನಿವಾರ, ೧೫ ನವೆಂಬರ್ ೧೯೮೬

ಪ್ರೀತಿಯ ಹೊಳೆಯಪ್ಪಣ್ಣಾ,

ಹೇಗಿದ್ದೀ? ಕೆಮ್ಮು ಕಡಿಮೆಯಾಯಿತೇ? ಗೋವಾದ ಉಪ್ಪುಗಾಳಿ ನಿನ್ನ ಎದೆಗೆ ಒಗ್ಗುವುದಿಲ್ಲವೆಂದು ಅವ್ವ ಮೊದಲು ಅನ್ನುತ್ತಿದ್ದಳು, ಈಗ ಏನೂ ಅನ್ನುವುದಿಲ್ಲ. ನೀನು ವಾಸ್ಕೋದಲ್ಲಿ ದಾವೂದಸಾಬ ಕಾಕಾ ಅವರ ಖೋಲಿಯಲ್ಲಿದ್ದೀ ಎಂದು ತಿಳಿದು ಅವರ ವಿಳಾಸಕ್ಕೆ ಬರೆಯುತ್ತಿದ್ದೇನೆ. ಇದ್ದೀ ಎಂದು ಯಾರೂ ಬಂದು ಹೇಳಿಲ್ಲ. ಹಿಂದೆ ಅವರ ಜೊತೆ ಬಂದರಿನಲ್ಲಿ ಹಮಾಲಿ ಮಾಡಿದ್ದೆಯಲ್ಲ, ಅದಕ್ಕೆ ಅಪ್ಪ "ಮತ್ತೆಲ್ಲಿ ಹೋಗ್ತಾನ, ಅಲ್ಲೇ ಇರ್ತಾನ" ಅಂದ. ಅಪ್ಪನ ಮಾತು ನಂಬಿದ್ದೇನೆ. ಕಾಕಾ, ಪತ್ರ ಒಡೆದವರು ನೀವಾಗಿದ್ದರೆ ನಿಮಗೆ ನಮಸ್ಕಾರ, ಇದನ್ನು ಅಣ್ಣನ ಕೈಗೇ ಕೊಡಿರಿ.

ನಾನು ಆರಾಮಿದ್ದೇನೆ. ದೀಪಾವಳಿ ರಜೆಗೆ ಬಂದವಳು ಧಾರವಾಡಕ್ಕೆ ತಿರುಗಿ ಹೋಗಿಲ್ಲ. ಬಿ.ಎಸ್ಸಿ. ಮೊದಲ ವರ್ಷದಲ್ಲೇ ಇಷ್ಟು ಗೈರುಹಾಜರಿಯಾದರೆ ಪರೀಕ್ಷೆಗೆ ಕೂಡಿಸುತ್ತಾರೋ ಇಲ್ಲವೋ ಎಂಬ ಭಯ ಒಂದು. ಹಾಸ್ಟೆಲಿನ ಹುಡುಗಿಯರು ನನ್ನ ಇಂಗ್ಲಿಷಿಗೆ ನಗುತ್ತಾರೆ, ಊರವರು ನನ್ನ ಕನ್ನಡಕ್ಕೆ ನಗುತ್ತಾರೆ. ನೀನೊಬ್ಬನೇ ಎರಡಕ್ಕೂ ನಗುತ್ತಿದ್ದೆ. ನಗುತ್ತಿದ್ದೆ ಎಂದು ಬರೆದುಬಿಟ್ಟೆ, ನಗುತ್ತೀ ಎಂದು ಓದಿಕೋ.

ಊರಿಗೆ ನೀರಿಲ್ಲ ಅಣ್ಣಾ. ನೀನು ಹೋದ ದಿನ ಎಣ್ಣೆ ಕಂಪನಿಯ ಡಿಪೋದಲ್ಲಿ ರೈಲು ವ್ಯಾಗನ್ನಿನಿಂದ ಇಳಿಸುವಾಗ ಪೈಪಿನ ಜಾಯಿಂಟು ಕಿತ್ತು ಹಳ್ಳಕ್ಕೆ ಹರಿದ ಕರಿ ಎಣ್ಣೆ ಸೀದಾ ಕೆರೆಗೇ ಬಂತು. ಬಾವಿಗಳೆಲ್ಲ ಸವಳು, ಕುಡಿಯುವುದಕ್ಕೆ ಇದ್ದದ್ದು ಅದೊಂದೇ. ಈಗ ಕೊಡ ಅದ್ದಿದರೆ ಕೊಡವೇ ಕಪ್ಪಾಗಿ ಬರುತ್ತದೆ. ಗಾಳಿ ಬೀಸಿದರೂ ತೆರೆ ಏಳುವುದಿಲ್ಲ. ಬಿಸಿಲಿನಲ್ಲಿ ಬಗ್ಗಿ ನೋಡಿದರೆ ಮುಖ ಕಾಣುತ್ತದೆ, ನಮ್ಮದಲ್ಲ ಅನ್ನಿಸುತ್ತದೆ. ಎಮ್ಮೆಗಳು ದಂಡೆಯವರೆಗೆ ಬಂದು, ನಿಂತು, ತಿರುಗಿ ಹೋಗುತ್ತವೆ. ನಾಳೆ ಗೌರಿ ಹುಣ್ಣಿಮೆ, ಯಾವ ಮನೆಯಲ್ಲೂ ಸಕ್ಕರೆ ಆರತಿಯ ಅಚ್ಚು ಹೊರಗೆ ಬಂದಿಲ್ಲ.

ನಿನ್ನನ್ನು ಕೊನೆಗೆ ನೋಡಿದವಳು ಡಿಪೋದ ಮುಂದೆ ಚಹಾ ಮಾಡುವ ಮರಿಯಮಬಿ. ಜೋಳದ ಕಣಿಕೆಯ ಸಿವುಡು ಹೊತ್ತು ಓಡುತ್ತಿದ್ದೆಯಂತೆ. "ಲೇ ಹೊಳೆಪ್ಪಾ, ಯಾವ ಎಮ್ಮಿ ಉಪಾಸ ಬಿದ್ದೈತೋ?" ಎಂದು ಅವಳು ಚೇಷ್ಟೆ ಮಾಡಿದರೆ, "ಎಣ್ಣಿ ಕೆರಿ ಕಡೆ ಹೊಂಟೈತಬೇ, ನೀರು ಬರೋ ಬಾಯಿಗೆ ಅಡ್ಡ ಒಗೀತೀನಿ" ಎಂದೆಯಂತೆ. ಕಣಿಕೆ ಈಗಲೂ ಆ ಬಾಯಿಯಲ್ಲಿ ಸಿಕ್ಕಿಕೊಂಡಿದೆ. ನಿನ್ನ ಚಪ್ಪಲಿ ದಂಡೆಯ ಮೇಲಿವೆ. ಯಾರೂ ಮುಟ್ಟಿಲ್ಲ.

ಗುರುವಾರ ಕಂಪನಿಯ ಸಾಹೇಬರು ಮುಂಬಯಿಯಿಂದ ಬಂದಿದ್ದರು. ಕನ್ನಡ ಬರುವುದಿಲ್ಲ. ಊರಿನ ಹಿರಿಯ ಅಮೋಘಸಿದ್ದಪ್ಪಜ್ಜ ನನ್ನನ್ನು ಕರೆಸಿದ. "ಹುಡಿಗಿ ಇಂಗ್ಲಿಷ್ ಕಲ್ತೈತಿ, ಇವತ್ತರ ಊರಿಗೆ ಉಪಯೋಗ ಆಗ್ಲಿ" ಅಂದ. ನಾನು ದಂಡೆಯ ಮೇಲೆ ನಿಂತೆ. ಅಪ್ಪ, ಅವ್ವ, ಊರವರೆಲ್ಲ ಎದುರಿಗಿದ್ದರು. ಸಾಹೇಬರು ಸಮಾಧಾನದಿಂದಲೇ ಮಾತಾಡಿದರು: ಡಿಪೋ ಕಂಪನಿಯದು ನಿಜ, ಎಣ್ಣೆ ಇಳಿಸುವ ಕೆಲಸ ಕಾಂಟ್ರಾಕ್ಟರದು, ಕಂಪನಿಗೆ ಜವಾಬ್ದಾರಿಯಿಲ್ಲ. ಅದನ್ನು ಕನ್ನಡದಲ್ಲಿ ಹೇಳಿದೆ. ಕಾಂಟ್ರಾಕ್ಟರ್ ಕುಬೇರಪ್ಪ ಕೈಮುಗಿದು, "ನಾ ಬರೇ ಹೆಸರಿಗೆ ಸಾಹೇಬ್ರ. ಪೈಪು, ಮಂದಿ, ಎಲ್ಲಾ ಹೊಳೆಪ್ಪಗ ವಹಿಸಿ ಬಿಟ್ಟಿದ್ದೆ" ಅಂದ. ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಡಿಪೋದ ದಿನಗೂಲಿಯವನಾದ ನಿನಗೆ ಸಾಹೇಬರು ನಿಂತ ನಿಲುವಿನಲ್ಲೇ ದೊಡ್ಡ ಹೆಸರು ಕೊಟ್ಟರು, ಸಬ್ ಕಾಂಟ್ರಾಕ್ಟರ್ ಎಂದು. ಮುಂಬಯಿಯಿಂದ ಹೊರಟ ತಪ್ಪು ಕೈಯಿಂದ ಕೈಗೆ ಇಳಿಯುತ್ತ ನಿನ್ನ ಹತ್ತಿರ ಬಂದು ನಿಂತಿತು. ನಿನ್ನ ಕೆಳಗೆ ಯಾರೂ ಇರಲಿಲ್ಲ.

ನಾನು ಸುಮ್ಮನಿರಲಿಲ್ಲ ಅಣ್ಣಾ. ಜಾಯಿಂಟಿಗೆ ಗೋಣಿ ಸುತ್ತಿ ತಂತಿ ಬಿಗಿದದ್ದನ್ನು, ಹೊಸದು ಹಾಕಿಸಿರಿ ಎಂದು ನೀನು ಕುಬೇರಪ್ಪನಿಗೆ ಹೇಳಿ ಹೇಳಿ ಸೋತದ್ದನ್ನು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಸಾಹೇಬರು ಕೇಳಿಸಿಕೊಂಡು, "ಹಾಗಾದರೆ ಅವನಿಗೆ ಗೊತ್ತಿತ್ತು" ಅಂದರು. ಅದನ್ನೂ ನಾನೇ ಕನ್ನಡ ಮಾಡಿ ಅವ್ವನಿಗೆ ಕೇಳಿಸಬೇಕಾಯಿತು. ನನ್ನ ಬಾಯಿಯಿಂದಲೇ ಊರಿಗೆಲ್ಲ ತಿಳಿಯಿತು, ತಪ್ಪು ನಿನ್ನದೆಂದು. ಅಂದಿನಿಂದ ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸುತ್ತದೆ. ಅವ್ವನನ್ನು ಊಟಕ್ಕೆ ಕರೆಯುವುದಕ್ಕೂ ಹೆದರುತ್ತೇನೆ.

ಹೋಗುವಾಗ ಸಾಹೇಬರು ಚಪ್ಪಲಿ ನೋಡಿ, "ಎಷ್ಟು ಗಡಿಬಿಡಿಯಲ್ಲಿ ಓಡಿಹೋಗಿದ್ದಾನೆ, ಚಪ್ಪಲಿಯನ್ನೂ ಬಿಟ್ಟು" ಅಂದರು. ಹೇಳಿದೆ. ಕುಡಿಯುವ ಕೆರೆಗೆ ಚಪ್ಪಲಿ ಹಾಕಿಕೊಂಡು ಇಳಿಯುವವರು ನಮ್ಮಲ್ಲಿ ಹುಟ್ಟಿಲ್ಲ. ಇಳಿಯುವಾಗ ಬಿಡುತ್ತೇವೆ, ಹತ್ತಿ ಬಂದು ಹಾಕಿಕೊಳ್ಳುತ್ತೇವೆ. ಅಲ್ಲಿದ್ದ ಸಣ್ಣ ಮಕ್ಕಳಿಗೂ ಗೊತ್ತಿತ್ತು. ಎಲ್ಲರೂ ನೆಲ ನೋಡುತ್ತ ನಿಂತರು. ಅಪ್ಪನೊಬ್ಬನೇ ಅಂದ: "ಹೌದ್ರಿ ಸಾಹೇಬ್ರ, ಅಂವ ಮೊದ್ಲಿಂದ್ಲೂ ಗಡಿಬಿಡಿ ಮನಷ್ಯಾ."

ಪೊಲೀಸ್ ಫೌಜದಾರರು ನೀನು ಫರಾರಿ ಎಂದಿದ್ದಾರೆ. ಎಲ್ಲರಿಗೂ ಅದೇ ಅನುಕೂಲ. ನೀನು ಓಡಿಹೋದವನಾದರೆ ತಪ್ಪು ನಿನ್ನದು. ನೀರಿನಲ್ಲಿದ್ದರೆ ಅದು ತಿರುಗಿ ಕುಬೇರಪ್ಪನ ಮನೆಗೆ, ಅಲ್ಲಿಂದ ಮುಂಬಯಿಗೆ ಹತ್ತಬೇಕಾಗುತ್ತದೆ. ನನಗೆ ನೀನು ತಪ್ಪಿತಸ್ಥನಾಗಿ ವಾಸ್ಕೋದಲ್ಲಿ ಮೀನು ಹುರಿದುಕೊಂಡು ತಿನ್ನುತ್ತಿದ್ದರೆ ಸಾಕು. ಊರಿನ ಬೈಗುಳವನ್ನೆಲ್ಲ ನಾನು ತಿನ್ನುತ್ತೇನೆ.

ಅಪ್ಪ ನಿನ್ನ ತಲೆಯ ಮೇಲೆ ಕೈ ಇಟ್ಟಿದ್ದಾನೆಂದು ತಿಳಿ. ಮರಿಯಮಬಿ ನಿನಗೆ ಒಂದು ಚಹಾ ತೆಗೆದಿಟ್ಟಿದ್ದೇನೆ ಎಂದು ಬರೆಯಲು ಹೇಳಿದಳು. ತಣ್ಣೀರಿನಲ್ಲಿ ತಲೆ ತೊಳೆಯಬೇಡ.

ನಿನ್ನ ತಂಗಿ
ದುರಗಿ

ತಾ.ಕ.: ಅಂಚೆಯಣ್ಣ ಬಾಗಿಲಲ್ಲಿ ನಿಂತಿದ್ದಾನೆ. ಬರುವ ಶುಕ್ರವಾರ ಪಂಪಿನ ಇಂಜಿನ್ ಹಚ್ಚಿ ಕೆರೆ ಬರಿದು ಮಾಡುತ್ತಾರೆ. ಗುರುವಾರ ಅಮೋಘಸಿದ್ದಪ್ಪಜ್ಜ ಸಾಹೇಬರಿಗೆ ಕೇಳಿದ್ದು ಕುಡಿಯುವ ನೀರಿನ ಟ್ಯಾಂಕರ್ ಮಾತ್ರ. ಇಂಗ್ಲಿಷಿನಲ್ಲಿ ಹೇಳುವಾಗ ಕೆರೆಯನ್ನು ಕೆಸರಿನ ತನಕ ಖಾಲಿ ಮಾಡಿಸಬೇಕು ಎಂದು ಸೇರಿಸಿದವಳು ನಾನು. ಖರ್ಚು ಕುಬೇರಪ್ಪನದಾದ್ದರಿಂದ ಸಾಹೇಬರು ಕೂಡಲೇ ಒಪ್ಪಿದರು. ಕಂಪನಿಯ ಅಪ್ಪಣೆಯೆಂದೇ ಊರು ತಿಳಿದಿದೆ. ಅಷ್ಟರೊಳಗೆ ಅಲ್ಲಿಯ ಟೆಲಿಗ್ರಾಂ ಆಫೀಸಿನಿಂದ ಒಂದು ತಾರು ಕೊಡು, ನಿನ್ನ ಹೆಸರಷ್ಟೇ ಇದ್ದರೂ ನಡೆಯುತ್ತದೆ. ಈಗ ಅವ್ವ ಒಳಗೆ ಕರೆದು, "ಎಲ್ಲಾ ನೀರು ತಗೀತಾರೇನ?" ಎಂದು ಕೇಳಿದಳು. ಹೌದಬೇ ಅಂದೆ. "ಹಂಗಾರ ಟ್ರಂಕಿನ್ಯಾಗಿನ ಹೊಸಾ ಧೋತರ ತಗದಿಡು. ಅಪ್ಪಗ ತೋರಸಬ್ಯಾಡ" ಅಂದಳು. ಇನ್ನೂ ತೆಗೆದಿಲ್ಲ. ತಾರು ಕೊಡು ಅಣ್ಣಾ.