ಬೀಗಿತ್ತಿಗೆ ಕೊಂಡ ಬ್ಯಾಗು

ಯಾದಗಿರಿ
೧೨ ಫೆಬ್ರವರಿ ೨೦೨೪

ಅಣ್ಣ ಸಾಬಣ್ಣನಿಗೆ ತಂಗಿ ಮಲ್ಲೇಶ್ವರಿಯ ಜೈಭೀಮ.

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀ, ಬೈದುಕೋ. ಫೋನಿನಲ್ಲಿ ಹೇಳೋಣವೆಂದರೆ ನೀನು ಸ್ಪೀಕರ್ ಹಾಕಿಕೊಂಡೇ ಮಾತಾಡುವವನು, ನಮ್ಮ ಮನೆಯ ಸುದ್ದಿ ನಿಮ್ಮ ಸಗರದ ಅರ್ಧ ಊರಿಗೆ ಕೇಳಿಸುತ್ತದೆ. ಅಯ್ಯಮ್ಮ ಅತ್ತಿಗೆಯ ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳಲು ಹೇಳು.

ಪರಿಮಳಾಳ ಮದುವೆ ಗಟ್ಟಿಯಾದದ್ದು ನಿನಗೆ ಗೊತ್ತೇ ಇದೆ. ಹುಡುಗ ಲಕ್ಷ್ಮಿಕಾಂತ ಅವಳ ಬ್ಯಾಂಕಿನಲ್ಲೇ ಕೆಲಸ ಮಾಡುತ್ತಾನೆ. ಬೇರೆ ಜಾತಿಯವರಾದರೂ ಅವನ ತಾಯಿ ಬಾಯಿತುಂಬ ಮಾತಾಡಿದಳು. "ನಾವು ಅದೆಲ್ಲ ನೋಡಂಗಿಲ್ರಿ" ಎಂದು ತಾನಾಗಿಯೇ ಅಂದಳು. ಯಾರೂ ಕೇಳದಿದ್ದಾಗ ಯಾಕೆ ಅನ್ನಬೇಕಿತ್ತು? ನಮ್ಮ ವಿಷಯ ಎಲ್ಲ ಹೇಳಿದ್ದೇನೆ ಅಂತ ಪರಿಮಳಾ ಅನ್ನುತ್ತಾಳೆ. ಎಲ್ಲ ಅಂದರೆ ಎಷ್ಟು ಎಂಬುದೇ ನನ್ನ ಅನುಮಾನ. ಮಗಳು ನಮ್ಮನ್ನು ಮುಚ್ಚಿಡುತ್ತಿದ್ದಾಳೆಯೇ ಎಂಬ ಹುಳ ಅಂದಿನಿಂದ ತಲೆ ಹೊಕ್ಕಿದೆ.

ಮದುವೆಯ ಬಸ್ತಾ, ಬಟ್ಟೆಬರೆ ತೆಗೆಯಲು ಎರಡೂ ಕಡೆಯವರು ಹೈದರಾಬಾದಿಗೆ ಹೋಗಿದ್ದೆವು. ಸೀರೆ, ಕುಪ್ಪಸದ ಬಟ್ಟೆ ಎಲ್ಲ ಮುಗಿಯಿತು. ಬೀಗಿತ್ತಿಗೆ ನಾನು ಒಂದು ಇಳಕಲ್ ಸೀರೆ ನೋಡಿಟ್ಟಿದ್ದೆ. ಪರಿಮಳಾ ಕೇಳಬೇಕಲ್ಲ! "ಸೀರಿ ಯಾರ ಬೇಕಾದ್ರೂ ಕೊಡತಾರವ್ವಾ. ನಮ್ಮ ಅತ್ತಿಯವರಿಗೆ ಕಂಪನಿ ಬ್ಯಾಗ್ ಕೊಡೂಣು" ಎಂದಳು. ರೊಕ್ಕ ಅವಳ ಪಗಾರದ್ದು, ನಾನು ಬೇಡವೆನ್ನಲು ಯಾರು? ಆದರೆ ಇನ್ನೂ ಹೊಸಿಲು ತುಳಿಯದ ಮನೆಯ ಅತ್ತೆಗೆ ಇಷ್ಟು ಭಾರಿ ಕಾಣಿಕೆ ಯಾಕೆ? ದೊಡ್ಡ ಮುಚ್ಚಳ ಹಾಕುವವರು ಒಳಗೆ ಏನೋ ಇಟ್ಟಿರುತ್ತಾರೆ.

ಆ ಅಂಗಡಿಯಲ್ಲಿ ಬಾಗಿಲು ತೆಗೆಯುವುದಕ್ಕೇ ಒಬ್ಬ ಇದ್ದಾನೆ. ನಾನು ಹೋದ ಕಡೆಗೆಲ್ಲ ಅವನ ಕಣ್ಣು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಸುಮ್ಮನೆ ಸೆರಗು ಜಾಡಿಸಿಕೊಂಡೆ. ಕೈಗವಸು ಹಾಕಿಕೊಂಡ ಹುಡುಗಿ ಬ್ಯಾಗುಗಳನ್ನು ಎಳೆಕೂಸಿನಂತೆ ಎತ್ತಿ ತಂದಳು. ಕೆಂಪನೆಯದು ಸಣ್ಣದಾಯಿತು, ಕರಿಯದು ಮದುವೆಗೆ ಬೇಡವಾಯಿತು. ಕೊನೆಗೆ ಮೈತುಂಬ ಅಕ್ಷರ ಅಚ್ಚೊತ್ತಿದ ಕಂದು ಬಣ್ಣದ್ದು ಪರಿಮಳಾಳಿಗೆ ಹಿಡಿಸಿತು, ಜೊತೆಗಿದ್ದ ಲಕ್ಷ್ಮಿಕಾಂತನ ಅಕ್ಕನಿಗೂ ಹಿಡಿಸಿತು.

ನನಗೆ ಸಮಾಧಾನವಿಲ್ಲ. ಅಪ್ಪನ ಮಗಳಲ್ಲವೇ? ಎತ್ತಿ ಮೂಸಿದೆ. ಉಗುರಿನಿಂದ ಕೆರೆದೆ. ತೊಗಲಿನ ವಾಸನೆಯೇ ಇಲ್ಲ! "ಇದು ತೊಗಲಲ್ಲ, ರೆಕ್ಸಿನ್ ಐತಿ. ಟೋಪಿ ಹಾಕಾಕತ್ತಾರ, ನಡೀರಿ" ಎಂದು ಅಂಗಡಿಯೆಲ್ಲ ಕೇಳುವಂತೆ ಅಂದುಬಿಟ್ಟೆ. ಆ ಹುಡುಗಿ ನಗುತ್ತಲೇ ಹೇಳಿದಳು: ಈ ಕಂಪನಿಯ ಬ್ಯಾಗು ಮೊದಲಿನಿಂದಲೂ ಹೀಗೆಯೇ ಅಂತೆ, ದಪ್ಪ ಬಟ್ಟೆಗೆ ಲೇಪ ಕೊಟ್ಟದ್ದು, ಹಿಡಿಕೆ ಮಾತ್ರ ತೊಗಲು. ಬಟ್ಟೆಗೆ ಇಷ್ಟು ಬೆಲೆಯೇ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಹಿಡಿಕೆ ಮೂಸಿದೆ ಅಣ್ಣ. ತೊಗಟೆ ನೀರಿನಲ್ಲಿ ಹದ ಮಾಡಿದ ತೊಗಲು. ಅಪ್ಪನ ಹೆಗಲಿಗೆ ಮುಖವಿಟ್ಟ ಹಾಗಾಯಿತು, ಕಣ್ಣು ತುಂಬಿ ಬಂತು.

"ಅವ್ವಾರ, ನಿಮಗ ತೊಗಲಿಂದು ಇಷ್ಟು ಹ್ಯಾಂಗ ಗೊತ್ರಿ?" ಎಂದು ಲಕ್ಷ್ಮಿಕಾಂತನ ಅಕ್ಕ ಕೇಳಿದಳು. ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ನಾನು ಬಾಯಿ ತೆಗೆಯುವಷ್ಟರಲ್ಲಿ ಪರಿಮಳಾ ನಡುವೆ ಬಂದಳು. "ನಮ್ಮವ್ವಗ ಏನೂ ಗೊತ್ತಿಲ್ರಿ ಅಕ್ಕಾ. ಎಲ್ಲಾದಕ್ಕೂ ಅನುಮಾನ. ಸಂತ್ಯಾಗ ಬದನಿಕಾಯಿನೂ ಮೂಸಿ ತರತಾಳ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಬ್ಯಾಗು ಕೊಂಡೆವು.

ವಾಪಸು ಬರುವಾಗ ರೈಲಿನಲ್ಲಿ ನಿನ್ನ ವಿಷಯ ಮೆಲ್ಲಗೆ ಕೇಳಿದೆ.

"ನಿಮ್ಮ ಮಾವ ಏನ್ ಮಾಡತಾನಂತ ಅವರಿಗಿ ಹೇಳೀದಿ?"

"ಬಿಜಿನೆಸ್ ಅಂತ ಹೇಳೀನಿ."

"ಯಾವ ಬಿಜಿನೆಸ್ಸವಾ?"

ಅವಳು ಕಿಟಕಿಯ ಕಡೆ ತಿರುಗಿದಳು. ಅವಳೇನು ಕೆಟ್ಟ ಹುಡುಗಿಯಲ್ಲ ಅಣ್ಣ. ಬ್ಯಾಂಕಿನಲ್ಲಿ ಯಾರ ಬಾಯಿಂದ ಏನು ಕೇಳಿಸಿಕೊಂಡಿದ್ದಾಳೋ, ನನಗಂತೂ ಹೇಳುವುದಿಲ್ಲ. ಅವಳ ಮೇಲೆ ಸಿಟ್ಟು ಬರುತ್ತದೆ, ಮರುಗಳಿಗೆಗೆ ಅವಳನ್ನು ಹಾಗೆ ಮಾಡಿದವರ ಮೇಲೆ ಬರುತ್ತದೆ.

ನೀನು ಆರೋಗ್ಯದಿಂದಿರು. ಅತ್ತಿಗೆಗೆ ನನ್ನ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಬುದ್ಧನ ಕರುಣೆ ನಿಮ್ಮ ಮನೆಯ ಮೇಲಿರಲಿ.

ನಿನ್ನ ತಂಗಿ
ಮಲ್ಲೇಶ್ವರಿ

ತಾ.ಕ.: ಪರಿಮಳಾಳ ಪಾದದ ಅಳತೆ ಕಳಿಸೆಂದು ಬರೆದಿದ್ದಿ. ಉತ್ತರ ತಡವಾದದ್ದು ಅದಕ್ಕೇ. ಸೋದರಮಾವ ಹೊಲಿದ ಚಪ್ಪಲಿ ಮೆಟ್ಟದೆ ನಮ್ಮ ಮನೆತನದ ಹೆಣ್ಣುಮಗಳು ಹಂದರ ಹೊಕ್ಕದ್ದಿಲ್ಲ. ಅಳತೆಗೆಂದು ಹಾಳೆ ನೆಲಕ್ಕೆ ಹಾಸಿದೆ. ಅವಳು ಕಾಲು ಹಿಂದಕ್ಕೆಳೆದುಕೊಂಡಳು. "ಮಾವಗ ಬಾ ಅನ್ನವ್ವಾ. ಚಪ್ಪಲಿ ಮಾತ್ರ ತರಬ್ಯಾಡ ಅನ್ನು. ಯಾರರೆ ಕೇಳಿದ್ರ ಕೆಲಸದ ಮಾತು ಎತ್ತಬ್ಯಾಡ ಅನ್ನು" ಎಂದಳು. ನಾನು ಒಪ್ಪಿಕೊಂಡೆ ಅಣ್ಣ. ಅಪ್ಪ ಸತ್ತ ಮೇಲೆ ನೀನು ಚಪ್ಪಲಿ ಹೊಲಿದು ನನ್ನನ್ನು ಓದಿಸಿದಿ. ಆ ಓದಿನಿಂದ ಕಲಿತ ಅಕ್ಷರದಲ್ಲೇ ಇದನ್ನು ನಿನಗೆ ಬರೆಯುತ್ತಿದ್ದೇನೆ.